ಮೊದಲನೇ ಟ್ಯಾಬು

ನಮ್ಮ ಸಾವ್ಕಾರ್ ಏಕಾಂತಪ್ಪನವರಿಗೆ ಕಬ್ಬಿಣದ ಬಗ್ಗೆ ಇರುವ ತಿಳಿವಳಿಕೆ ಕಂಪ್ಯೂಟರಿನ ಬಗ್ಗೆಯೂ ಇದ್ದಿದ್ದರೆ ನನಗೆ ಕೆಲಸವೇ ಇರುತ್ತಿರಲಿಲ್ಲ. ಕೊಟ್ಟೂರಿನ ಹೊರಗೆ, ಕೂಡ್ಲಿಗಿ ರಸ್ತೆಯಲ್ಲಿ ಅವರ ವರ್ಕ್‌ಶಾಪ್. ಮೆಕ್ಕೆಜೋಳದ ರಾಶಿ ಮಿಷನ್ ಮಾಡುತ್ತಾರೆ. ಟ್ರ್ಯಾಕ್ಟರಿಗೆ ಜೋಡಿಸಿ ಮೇಲಿನಿಂದ ತೆನೆ ಸುರಿದರೆ ಕೆಳಗೆ ಕಾಳು ಬೀಳುತ್ತದೆ, ಪಕ್ಕದಿಂದ ಬೆಂಡು ಹಾರುತ್ತದೆ. ನಾನು ವಾಣಿಶ್ರೀ. ಮುಂದಿನ ಕೋಣೆಯಲ್ಲಿ ಕೂತು ಬಿಲ್ಲು, ಫೋನು ನೋಡಿಕೊಳ್ಳುತ್ತೇನೆ, ಹೋದ ವರ್ಷದಿಂದ ವೆಬ್‌ಸೈಟನ್ನೂ ನೋಡಿಕೊಳ್ಳುತ್ತೇನೆ. ಹಿಂದೆ ವೆಲ್ಡಿಂಗ್ ಕಿಡಿ, ಮುಂದೆ ವಾಣಕ್ಕನ ಕಿಡಿ ಎಂದು ಕೆಲಸದವರು ಆಡಿಕೊಳ್ಳುವುದು ನನಗೆ ಗೊತ್ತಿಲ್ಲದೆ ಏನಿಲ್ಲ.

ಈ ವರ್ಷ ಹೊಸ ಮಾದರಿ ಬಂತು. ಹಳೆಯದರ ಡ್ರಮ್ಮು ಹಗುರ, ಟ್ರ್ಯಾಕ್ಟರಿನ ಶಾಫ್ಟು ಬಿಡಿಸಿದ ಕೂಡಲೇ ನಿಂತುಬಿಡುತ್ತಿತ್ತು. ಹೊಸದರ ಡ್ರಮ್ಮು ಭಾರ. ಶಾಫ್ಟು ಬಿಡಿಸಿದ ಮೇಲೂ ಮುಚ್ಚಳದ ಒಳಗೆ ಸದ್ದಿಲ್ಲದೆ ತಿರುಗುತ್ತಲೇ ಇರುತ್ತದೆ. ಹೊರಗೆ ನಿಂತವನಿಗೆ ನಿಂತೇ ಹೋಗಿದೆ ಅನ್ನಿಸುತ್ತದೆ. ಇಡೀ ಮಿಷನ್ನಿನಲ್ಲಿ ಕೊಂಡವನಿಗೆ ಗೊತ್ತಿರಲೇಬೇಕಾದ ಹೊಸ ಸಂಗತಿ ಇದೊಂದೇ. ಹಳೆಯ ರೂಢಿಯಲ್ಲಿ ಮುಚ್ಚಳ ತೆಗೆದು ಕೈ ಹಾಕಿದರೆ ಕೈ ಹೋಗುತ್ತದೆ.

ಎಷ್ಟು ಹೊತ್ತು ಕಾಯಬೇಕು ಎಂದು ಕಂಡುಹಿಡಿದವರು ಸಾವ್ಕಾರರೇ. ಮಿಷನ್ ಪರೀಕ್ಷೆ ಮಾಡುವಾಗ ಶಾಫ್ಟು ಬಿಡಿಸಿ, ಅಲ್ಲೇ ನಿಂತು ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು, ಮಡಿಚಿ ಬಾಯಿಗೆ ಹಾಕಿಕೊಂಡರು. ಆಮೇಲೆ ಇಣುಕಿ ನೋಡಿ, "ಈಗ ನಿಂತತಿ ನೋಡು," ಅಂದರು. ನಾನು ಅದನ್ನೇ ಬರೆದೆ. ತೆನೆ ಸಿಕ್ಕಿಕೊಂಡರೆ ಶಾಫ್ಟು ಬಿಡಿಸಿ. ಒಂದು ಎಲೆ-ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಕಾಯಿರಿ, ಇಲ್ಲದಿದ್ದರೆ ಕೈ ಹೋಗುತ್ತದೆ. ಮುಚ್ಚಳ ತೆಗೆದು ಸ್ವಚ್ಛ ಮಾಡಿ. ನಮ್ಮ ಕಡೆಯವರಿಗೆ ಇದಕ್ಕಿಂತ ತಿಳಿಯಾಗಿ ಹೇಳಲು ಯಾರಿಗೂ ಆಗದು ಎಂದು ಆಗಲೂ ಅಂದುಕೊಂಡಿದ್ದೆ, ಈಗಲೂ ಅಂದುಕೊಂಡಿದ್ದೇನೆ.

ಮಿಷನ್ ಜೊತೆ ಕೊಡುತ್ತಿದ್ದ ಪುಸ್ತಕ ಒಲೆ ಹೊತ್ತಿಸಲು ಹೋಗುತ್ತಿತ್ತು. ಅದಕ್ಕೇ ಎಲ್ಲವನ್ನೂ ವೆಬ್‌ಸೈಟಿಗೆ ಹಾಕಿ, ಮಿಷನ್ನಿನ ಮೈಮೇಲೆ ಒಂದು ಚೌಕದ ಸ್ಟಿಕ್ಕರ್ ಅಂಟಿಸುವುದು ಎಂದಾಯಿತು. ಫೋನ್ ಹಿಡಿದರೆ ಪುಟ ತೆರೆಯುತ್ತದೆ. ಈ ಸೈಟಿನ ಮೆನು ಒಂದು ಫೈಲಿನಲ್ಲಿ ಸಾಲುಸಾಲಾಗಿ ಕೂತಿರುತ್ತದೆ. ಜೋಡಣೆ, ನಡೆಸುವುದು, ರಿಪೇರಿ, ಬಿಡಿಭಾಗ. ಸಾಲನ್ನು ಮೇಲೆ ಕೆಳಗೆ ಮಾಡಿದರೆ ಮೆನುವೂ ಮೇಲೆ ಕೆಳಗೆ ಆಗುತ್ತದೆ. ಸಾಲಿನ ಮುಂದೆ ಬಿಡಬೇಕಾದ ಎರಡು ಸ್ಪೇಸ್ ತಪ್ಪಿದರೆ ಇಡೀ ಮೆನುವೇ ಮಾಯ. ಮಾವನ ಮನೆಯಲ್ಲಿ ಹೊಸ ಅಳಿಯ ಇದ್ದ ಹಾಗೆ, ಸಣ್ಣದಕ್ಕೇ ಮುನಿಸು ಅದಕ್ಕೆ.

ಎಲ್ಲಾ ಮುಗಿಸಿ ಸಾವ್ಕಾರರಿಗೆ ತೋರಿಸಿದೆ. ಕನ್ನಡಕ ಏರಿಸಿ, 'ನಡೆಸುವುದು' ಪುಟವನ್ನು ತುಟಿ ಅಲ್ಲಾಡಿಸುತ್ತಾ ಓದಿದರು. ಮುಖ ಕಪ್ಪಿಟ್ಟಿತು.

"ಏನವ್ವ ವಾಣಿ ಇದು. ಲಕ್ಷ್ಮಿ ಬಂದಂಗ ಮಿಷನ್ ಮನಿಗೆ ಬಂದಿರ್ತೈತಿ. ಮೊದ್ಲ ಓದೋದು ಕೈ ಹೋಗ್ತೈತಿ ಅಂತನಾ?"

"ಹೌದ್ರಿ. ಓದ್ಲಿ ಅಂತನ ಬರ್ದೀನಿ."

"ಕಣದಾಗ ಮೊದಲ್ನೇ ಚೀಲಕ್ಕ ಒಂದು ಅಂತೀವೇನು?"

"ಇಲ್ರಿ. ಲಾಭ ಅಂತೀವಿ."

"ಯಾಕ ಅಂತೀವಿ? ಮೊದಲ್ನೇದು ಶುಭ ಇರ್ಲಿ ಅಂತ. ಆಮ್ಯಾಲೆ ಎರಡು, ಮೂರು, ಏನರ ಬರ್ಲಿ. ಇದಕ್ಕೂ ಹಂಗ ಮಾಡು. ಕೈ ಹೋಗೋದು, ಬಟ್ಟು ತುಂಡಾಗೋದು, ಅಂಥಾ ಮಾತೆಲ್ಲ ಆರಿಸಿ ಒಂದು ಮೂಲ್ಯಾಗ ಇಡು. ಬೇಕಾದಾವ ಹೋಗಿ ನೋಡ್ಕ್ಯಂತಾನ."

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ನಮ್ಮ ಕಡೆ ಕಣದಲ್ಲಿ ಕಿರುಬೆರಳು ಮಡಿಚಿ 'ಲಾಭ' ಅಂದೇ ಎಣಿಕೆ ಶುರು. ಬಾಯಿ ತಪ್ಪಿ 'ಒಂದು' ಅಂದ ಹಮಾಲನನ್ನು ಕಣದಿಂದ ಎಬ್ಬಿಸಿ ಕಳಿಸಿದ್ದನ್ನು ನಾನೇ ನೋಡಿದ್ದೇನೆ. ಆದರೆ ಕಣದ ರೂಢಿ ಕಣಕ್ಕೆ, ಡ್ರಮ್ಮಿಗೆ ಶುಭ ಅಶುಭ ಏನು ಗೊತ್ತು? ಇದನ್ನೂ ಹೇಳಿದೆ. ಸಂಬಳ ಕೊಡುವವರ ಮುಂದೆ ಎಷ್ಟು ವಾದ ಮಾಡಬಹುದೋ ಅದಕ್ಕಿಂತ ಒಂದು ಹಿಡಿ ಜಾಸ್ತಿಯೇ ಮಾಡಿದೆ. ಸಾವ್ಕಾರರು ಎದ್ದು ವೆಲ್ಡಿಂಗ್ ಕಡೆ ಹೋದರು. ಅಂದರೆ ಮಾತು ಮುಗಿಯಿತು ಅಂತ ಅರ್ಥ.

ಸರಿ, ಆ ಪುಟಕ್ಕೆ ಮೂರು ಟ್ಯಾಬು ಮಾಡಿದೆ. ಮೇಲೆ ಪಕ್ಕಪಕ್ಕ ಮೂರು ಹೆಸರು ಇರುತ್ತವೆ. ಒಂದನ್ನು ಒತ್ತಿದರೆ ಅದರದ್ದು ಮಾತ್ರ ಕಾಣುತ್ತದೆ, ಮಿಕ್ಕಿದ್ದು ಅಡಗುತ್ತದೆ. ಮೊದಲನೆಯದು 'ನಡೆಸುವುದು', ಎರಡನೆಯದು 'ಎಣ್ಣೆ-ಗ್ರೀಸು', ಕೊನೆಯದು 'ಎಚ್ಚರಿಕೆ'. ಕೈ, ಬೆರಳು, ರಕ್ತ ಇದ್ದ ಸಾಲುಗಳನ್ನೆಲ್ಲ ಕಿತ್ತು ಕೊನೆಯದಕ್ಕೆ ಸೇರಿಸಿದೆ. ಎಲೆ-ಅಡಿಕೆಯ ಸಾಲಿನಲ್ಲೂ ಕೈ ಹೋಗುವ ಮಾತಿತ್ತಲ್ಲ, ಅದೂ ಅವುಗಳ ಜೊತೆಗೇ ಹೋಯಿತು. ಮೊದಲನೇ ಟ್ಯಾಬಿನ ತಲೆಯ ಮೇಲೆ 'ಪೂಜೆ ಮಾಡಿ ಶುರು ಮಾಡಿ' ಎಂದು ಸಾವ್ಕಾರರು ಸೇರಿಸಿದರು. ಪುಟ ನೋಡಲು ಅಚ್ಚುಕಟ್ಟಾಗಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ಹೊಸ ಮಿಷನ್ ಮೊದಲು ಒಯ್ದವನು ಗುಡೇಕೋಟೆಯ ಬೊಮ್ಮಪ್ಪ. ತನ್ನ ಹೊಲದ ರಾಶಿ ಮುಗಿಸಿ, ಸುತ್ತಲ ಹಳ್ಳಿಗೆ ಬಾಡಿಗೆಗೆ ಓಡಿಸುವ ಮನುಷ್ಯ. ಅವನಷ್ಟು ಜೋಪಾನದ ಗಿರಾಕಿಯನ್ನು ನಾನು ಕಂಡಿಲ್ಲ. ಒಂದೊಂದು ಬೋಲ್ಟಿಗೂ ಒಂದೊಂದು ಪ್ರಶ್ನೆ. ಹೆಂಡತಿ ದುರ್ಗಾ ಏಳನೇ ಇಯತ್ತೆವರೆಗೆ ಓದಿದವಳು. ಅವನಿಗೆ ಅಕ್ಷರ ಅಷ್ಟಕ್ಕಷ್ಟೇ. "ಓದೋದು ಇಕಿ ಕೆಲಸ, ಮಾಡೋದು ನನ್ನ ಕೆಲಸ," ಎಂದು ನಗುತ್ತಿದ್ದ. ಆಯುಧ ಪೂಜೆಯ ದಿನ ವರ್ಕ್‌ಶಾಪಿನ ಅಂಗಳದಲ್ಲೇ ಮಿಷನ್ನಿಗೆ ಹಾರ ಹಾಕಿ, ಟ್ರ್ಯಾಕ್ಟರ್ ಗಾಲಿಗೆ ನಿಂಬೆಹಣ್ಣು ಇಟ್ಟರು. ದುರ್ಗಾ ವಿಭೂತಿಯ ಮೂರು ಬೆರಳನ್ನು ಎಲ್ಲಿ ಎಳೆಯಲಿ ಎಂದು ಹುಡುಕಿ, ಕೆಂಪು ಬಣ್ಣದ ನಡುವೆ ಬೆಳ್ಳಗೆ ಕಂಡ ಚೌಕದ ಮೇಲೇ ಎಳೆದು, ಮಧ್ಯೆ ಕುಂಕುಮ ಇಟ್ಟಳು. ಅದು ನನ್ನ ಸ್ಟಿಕ್ಕರು. ನೋಡಿ ನಾನೂ ಕೈ ಮುಗಿದೆ. ಬುದ್ಧಿ ಅನ್ನುವುದು ಆ ಹೊತ್ತಿನಲ್ಲಿ ಎಲ್ಲಿ ಹೋಗಿತ್ತೋ ಕಾಣೆ.

ದೀಪಾವಳಿ ಆಯಿತು. ಹಡಗಲಿಯಿಂದ ಹರಪನಹಳ್ಳಿವರೆಗೆ ಮೆಕ್ಕೆಜೋಳ ಕೊಯ್ಲು ಜೋರು ಹಿಡಿಯಿತು. ಮಿಷನ್ನುಗಳು ಬೇಕಾದಷ್ಟು ಮಾರಿದ್ದೆವು. ಒಂದು ಮಧ್ಯಾಹ್ನ ಸೈಟಿಗೆ ಎಷ್ಟು ಜನ ಬಂದಿದ್ದಾರೆ ಎಂದು ತೆಗೆದು ನೋಡಿದರೆ, ಬಂದವರು ನಾನು, ಸಾವ್ಕಾರರು, ಇನ್ನು ಯಾರೋ ಬೆರಳೆಣಿಕೆಯವರು. 'ಎಚ್ಚರಿಕೆ' ಟ್ಯಾಬನ್ನು ಒಬ್ಬರೂ ಒತ್ತಿರಲಿಲ್ಲ. ಒಬ್ಬರೂ ಅಂದರೆ ಒಬ್ಬರೂ. ಕೂಡಲೇ ಮಾರೇಶನಿಗೆ ಫೋನ್ ಹಚ್ಚಿದೆ. ಹಗರಿಬೊಮ್ಮನಹಳ್ಳಿಯಲ್ಲಿ ನಮ್ಮ ಮಿಷನ್ ಮಾರುವವನು ಅವನು, ಕೊಂಡವರ ವಾಟ್ಸಾಪ್ ಗ್ರೂಪಿಗೂ ಅವನೇ ಯಜಮಾನ.

"ಮಾರೇಶಣ್ಣ, ನಿಮ್ಮ ಗಿರಾಕಿಗಳು ಸ್ಟಿಕ್ಕರ್ ಸ್ಕ್ಯಾನ್ ಮಾಡಂಗಿಲ್ಲೇನು?"

"ಹೆಂಗ ಮಾಡ್ತಾರ ಅಕ್ಕಾರ. ಪೂಜಿ ದಿನನ ಎಲ್ಲಾರೂ ಅದರ ಮ್ಯಾಲೇ ಈಬತ್ತಿ ಬಳದಾರ. ಬೆಳ್ಳಗ ಇರೋ ಜಾಗ ಅದೊಂದೇ ಐತಲ್ರಿ. ಫೋನ್ ಹಿಡದ್ರ ತಗಳ್ಳಂಗಿಲ್ಲ."

"ಒರಸಿ ಹಿಡೀಬೇಕಿಲ್ಲೋ."

"ದೇವ್ರ ಹೆಸರಿಲೆ ಹಚ್ಚಿದ ಈಬತ್ತಿ ಯಾರರ ಒರಸ್ತಾರೇನ್ರಿ. ಅದಕ್ಕ ನಾನಾ ಒಂದು ಉಪಾಯ ಮಾಡೀನಿ. ನಿಮ್ಮ ಪುಟ ತೆರೆದು ಸ್ಕ್ರೀನ್‌ಶಾಟ್ ಹೊಡದು ಗ್ರೂಪಿಗೆ ಹಾಕೀನಿ. ಎಲ್ಲಾರೂ ಝರಾಕ್ಸ್ ತಗಸಿ ಮಿಷನ್‌ಗೆ ಅಂಟಿಸ್ಯಾರ. ಭಾಳ ಚಲೋ ಆತು ಅಂತಾರ ಎಲ್ಲಾರೂ."

"ಯಾವ ಪುಟದ್ದು ಹೊಡದೀರಿ?"

"ನಡೆಸುವುದು ಅಂತ ಐತಲ್ರಿ, ಅದು. ಕಳಸ್ಲಾ?"

ಕಳಿಸಿದ. ತೆರೆದು ನೋಡಿದೆ. ಮೊದಲನೇ ಟ್ಯಾಬು. ಪೂಜೆ ಮಾಡಿ ಶುರು ಮಾಡಿ. ಆಮೇಲೆ ಉಳಿದದ್ದು. ಕೊನೆಗೆ ಆ ಮೂರು ಸಾಲು ಇದ್ದ ಜಾಗದಲ್ಲಿ ಈಗ ಎರಡೇ ಸಾಲು. ತೆನೆ ಸಿಕ್ಕಿಕೊಂಡರೆ ಶಾಫ್ಟು ಬಿಡಿಸಿ. ಮುಚ್ಚಳ ತೆಗೆದು ಸ್ವಚ್ಛ ಮಾಡಿ. 'ಎಚ್ಚರಿಕೆ' ಅನ್ನುವುದು ಮೇಲಿನ ಮೂಲೆಯಲ್ಲಿ ಬರೀ ಒಂದು ಹೆಸರಾಗಿ ಕೂತಿತ್ತು. ಝರಾಕ್ಸ್ ಹಾಳೆಯ ಮೇಲೆ ಅದನ್ನು ಎಷ್ಟು ಒತ್ತಿದರೂ ಏನೂ ತೆರೆಯುವುದಿಲ್ಲ.

ಸುಮ್ಮನೆ ಏನೂ ಹೇಳದೆ ಇದ್ದಿದ್ದರೆ ಹೊಸ ಮಿಷನ್ ಎಂಬ ಅಂಜಿಕೆಯಿಂದಲಾದರೂ ಜನ ಸ್ವಲ್ಪ ತಡೆದು ನೋಡುತ್ತಿದ್ದರೋ ಏನೋ. ನಾವು ಕೈ ಹಾಕಿ ಎಂದೇ ಬರೆದುಕೊಟ್ಟಿದ್ದೆವು. ಅದನ್ನು ಐದು ತಾಲೂಕಿನ ಜನ ಮಿಷನ್ನಿಗೇ ಅಂಟಿಸಿಕೊಂಡಿದ್ದರು. ಮಾರೇಶ ಆ ಕಡೆಯಿಂದ ಹಲೋ ಹಲೋ ಅನ್ನುತ್ತಿದ್ದ. ಫೋನ್ ಇಟ್ಟುಬಿಟ್ಟೆ.

ಓದಿದಂತೆ ನಡೆಯುವವನು ಯಾರು ಎಂದು ಯೋಚಿಸಬೇಕಾಗಿರಲಿಲ್ಲ. ಬೊಮ್ಮಪ್ಪನಿಗೆ ಹಚ್ಚಿದೆ. ಎತ್ತಿದವಳು ದುರ್ಗಾ.

"ದುರ್ಗಾ, ನಾನು ವಾಣಿ, ಕೊಟ್ಟೂರಿಂದ. ಬೊಮ್ಮಪ್ಪಣ್ಣ ಎಲ್ಲಿ ಅದಾನ?"

"ಒಳಗ ಅದಾನಕ್ಕ. ಪಟ್ಟಿ ಕಟ್ಟಾಕತ್ತಾರ."

"ಏನು ಪಟ್ಟಿ?"

"ನಿಮಗ ಗೊತ್ತಿಲ್ಲೇನಕ್ಕ? ಮೊನ್ನಿನ ಆತು. ದವಾಖಾನ್ಯಾಗ ಅದೀವಿ. ಬಲಗೈದು ಕಿರಿಬಟ್ಟು, ಅದರ ಬಾಜೂದ್ದು, ಎರಡೂ ಹೋದುವು."

"ಹೆಂಗ ಆತು?" ಎಂದು ಕೇಳಿದೆ, ಹೇಗೆ ಆಗಿರುತ್ತದೆ ಎಂದು ಗೊತ್ತಿದ್ದೂ.

"ನಾವು ಏನೂ ಅವಸರ ಮಾಡ್ಲಿಲ್ಲಕ್ಕ," ಅಂದಳು ದುರ್ಗಾ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನ್ನನ್ನು ಕೊಂದಿತು. "ಹಾಳ್ಯಾಗ ಇದ್ದಂಗ ಮಾಡಿದ್ವಿ. ನಾನು ಒಂದೊಂದ ಸಾಲು ಓದಿ ಹೇಳ್ದೆ, ಅವ ಮಾಡ್ದ. ಶಾಫ್ಟ್ ಬಿಡಸು ಅಂದೆ, ಬಿಡಿಸ್ದ. ಮುಚ್ಚಳ ತಗದು ಸ್ವಚ್ಛ ಮಾಡು ಅಂದೆ, ಕೈ ಹಾಕ್ದ. ರಾತ್ರೆಲ್ಲಾ ಅದನ್ನ ಲೆಕ್ಕ ಹಾಕ್ತೀನಿ. ನಾನು ಎಲ್ಲೆರ ಒಂದು ಸಾಲು ಬಿಟ್ಟು ಓದಿದ್ನೇನಕ್ಕ?"

"ಇಲ್ಲ ದುರ್ಗಾ," ಅಂದೆ. "ನೀನು ಬಿಟ್ಟಿಲ್ಲ. ನಾವು ಬಿಟ್ಟೀವಿ."

ಅವಳಿಗೆ ಅರ್ಥವಾಯಿತೋ ಇಲ್ಲವೋ. ಒಳಗಿನಿಂದ ಯಾರೋ ಕರೆದರು ಎಂದು ಹೋದಳು.

ಹಿಂದಿನ ಶೆಡ್ಡಿಗೆ ಓಡಿದೆ. ಸಾವ್ಕಾರರು ಹೊಸ ಡ್ರಮ್ಮಿನ ಮುಂದೆ ಕುಕ್ಕರಗಾಲಲ್ಲಿ ಕೂತು ಬೇರಿಂಗ್ ತಟ್ಟುತ್ತಿದ್ದರು. ಫೋನನ್ನು ಅವರ ಮುಖದ ಮುಂದೆ ಹಿಡಿದೆ. ಎಂದಿನಂತೆ ತುಟಿ ಅಲ್ಲಾಡಿಸುತ್ತಾ ಓದಿದರು. ಕೊನೆಯ ಎರಡು ಸಾಲಿಗೆ ಬಂದಾಗ ತುಟಿ ನಿಂತಿತು.

"ಕಾಯ್ರಿ ಅನ್ನೋ ಸಾಲು ಎಲ್ಲೈತಿ?"

"ಮೂಲ್ಯಾಗ. ನೀವಾ ಇಡು ಅಂದಿದ್ರಿ."

"ಯಾರ್ಯಾರ ಹತ್ರ ಐತಿ ಇದು?"

"ಎಲ್ಲಾರ ಹತ್ರ. ಮಿಷನ್‌ಗೆ ಅಂಟಿಸ್ಯಾರ. ಬೊಮ್ಮಪ್ಪಂದು ಎರಡು ಬಟ್ಟು ಹೋಗ್ಯಾವ್ರಿ."

ಅವರ ಕೈಯಲ್ಲಿದ್ದ ಸುತ್ತಿಗೆ ಕೆಳಗೆ ಬೀಳಲಿಲ್ಲ, ಕೈಯಲ್ಲೇ ಇತ್ತು, ಆದರೆ ಅದು ಇದೆ ಎಂಬುದೇ ಅವರಿಗೆ ಮರೆತುಹೋದಂತಿತ್ತು. ನನ್ನನ್ನು ನೋಡಿದರು, ಡ್ರಮ್ಮನ್ನು ನೋಡಿದರು. ಹಣೆಯ ವಿಭೂತಿಯ ಮೇಲೆ ಬೆವರು ಒಡೆಯಿತು. ಬೈಯಬೇಕೆಂದು ಓಡಿ ಬಂದಿದ್ದೆ. ಆ ಮುಖ ನೋಡಿದ ಮೇಲೆ ಬೈಯಲಿಲ್ಲ. ಅವರು ಬರೀ, "ಉಳಿದಾರಿಗೆ ಹೇಳವ್ವ, ಲಗೂನ," ಅಂದರು.

ಅವರು ಮಾತು ಮುಗಿಸುವವರೆಗೆ ಕಾಯುವವಳು ನಾನಾಗಿರಲಿಲ್ಲ. ಕಂಪ್ಯೂಟರಿಗೆ ಕೂತು ಟ್ಯಾಬುಗಳನ್ನೆಲ್ಲ ಕಿತ್ತು ಹಾಕಿದೆ. ಎಲ್ಲಾ ಒಂದೇ ಪುಟ, ಎಲ್ಲಕ್ಕಿಂತ ಮೇಲೆ ದೊಡ್ಡ ಅಕ್ಷರದಲ್ಲಿ ಕಾಯಿರಿ, ಇಲ್ಲದಿದ್ದರೆ ಕೈ ಹೋಗುತ್ತದೆ. ಅವಸರದಲ್ಲಿ ಎಲ್ಲೋ ಎರಡು ಸ್ಪೇಸ್ ತಪ್ಪಿ, ಸೈಟ್ ತೆರೆದರೆ ಮೆನುವೇ ಇಲ್ಲ, ಪುಟವೇ ಇಲ್ಲ, ಬರೀ ಬಿಳಿ. ಆ ಬಿಳಿ ಪರದೆ ನೋಡಿ ಅಳು ಬಂತು. ಅತ್ತುಕೊಂಡೇ ಒಂದೊಂದು ಸಾಲು ಸರಿಮಾಡಿದೆ. ಆಮೇಲೆ ಮಾರೇಶನಿಗೆ ಹೊಸ ಚಿತ್ರ ಕಳಿಸಿ, ಹಳೇ ಹಾಳೆಗಳನ್ನೆಲ್ಲ ಹರಿದುಹಾಕಿಸುವವರೆಗೆ ಊಟ ಮಾಡಬೇಡ ಎಂದೆ.

ಸಾವ್ಕಾರರೂ ನಾನೂ ಎದುರುಬದುರು ಕೂತು ಕೊಂಡವರಿಗೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡಿದೆವು. ಹೊಸಹಳ್ಳಿಯವನು ಎತ್ತಲೇ ಇಲ್ಲ. ಸಾವ್ಕಾರರು ಮತ್ತೆ ಮತ್ತೆ ಒತ್ತಿದರು. ಕೊನೆಗೆ ಅವನು ಎತ್ತಿ, ಊಟಕ್ಕೆ ಕೂತಿದ್ದೆ ಎಂದಾಗ, "ಯಾವ ಕೈಲೆ ಉಣ್ಣಾಕತ್ತೀಯೋ?" ಎಂದು ಕೇಳಿಯೇಬಿಟ್ಟರು. ತೆಲಿಗಿಯವನು ಮಾತ್ರ ನಗುತ್ತಾ, "ಏ, ಆ ಹಾಳಿ ಯಾವನು ಓದ್ತಾನ್ರೀ ಸಾವ್ಕಾರ್ರ," ಅಂದ. ಓದದವನ ಕೈ ನೆಟ್ಟಗಿತ್ತು. ಶ್ರದ್ಧೆಯಿಂದ ಓದಿಸಿಕೊಂಡವನು ದವಾಖಾನೆಯಲ್ಲಿದ್ದ. ಈ ನ್ಯಾಯವನ್ನು ಎಲ್ಲಿ ತೆಗೆದುಕೊಂಡು ಹೋಗಿ ಕೇಳಬೇಕು ಎಂದು ನನಗೆ ಇವತ್ತಿಗೂ ತಿಳಿದಿಲ್ಲ.

ಸಾವ್ಕಾರರು ಆ ವಾರವೇ ಹೊಸ ಮುಚ್ಚಳ ಮಾಡಿದರು. ಡ್ರಮ್ಮು ಪೂರ್ತಿ ನಿಲ್ಲುವವರೆಗೆ ಅದು ಏನು ಮಾಡಿದರೂ ತೆರೆಯದು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಊರೂರು ತಿರುಗಿ ಎಲ್ಲರ ಮಿಷನ್ನಿಗೂ ತಾವೇ ಹಾಕಿಬಂದರು. ಗುಡೇಕೋಟೆಯನ್ನು ಮಾತ್ರ ಕೊನೆಗೆ ಇಟ್ಟುಕೊಂಡಿದ್ದರು. ದವಾಖಾನೆಗೆ ಎರಡು ಸಲ ಹೋಗಿ, ಮಂಚದ ಹತ್ತಿರ ನಿಂತು, ಮಾತು ಹೊರಡದೆ ವಾಪಸ್ ಬಂದಿದ್ದರು. "ನೀನೂ ಬಾರವ್ವ," ಎಂದು ನನ್ನನ್ನು ಕರೆದುಕೊಂಡು ಹೋದರು.

ನಾವು ಹೋದಾಗ ಬೊಮ್ಮಪ್ಪನ ಕಣದಲ್ಲಿ ಅವನದೇ ಹೊಲದ ರಾಶಿ ಮುಗಿದಿತ್ತು. ಬೇರೆ ಯಾರದೋ ಹಳೇ ಮಿಷನ್ ತಂದು ಮಾಡಿಸಿದ್ದರು. ನಮ್ಮ ಕೆಂಪು ಮಿಷನ್ ಬೇಲಿಯ ಪಕ್ಕ ತಾಡಪಾಲು ಹೊದ್ದು ನಿಂತಿತ್ತು. ಚೀಲಗಳು ಸಾಲಾಗಿದ್ದವು, ಲಾರಿ ಬಂದಿತ್ತು, ಹಮಾಲರು ತಲೆಗೆ ಟವಲು ಸುತ್ತುತ್ತಿದ್ದರು. ಬೊಮ್ಮಪ್ಪ ನಮ್ಮನ್ನು ನೋಡಿ, "ಬರ್ರಿ ಸಾವ್ಕಾರ್ರ, ಕುಂದರ್ರಿ. ಚಾ ಮಾಡು ದುರ್ಗಾ," ಅಂದ. ಬಲಗೈ ಟವಲಿನ ಒಳಗಿತ್ತು. ದುರ್ಗಾ ನನ್ನನ್ನು ನೋಡಿ ನಗಲು ನೋಡಿದಳು. ನನಗೆ ತಿರುಗಿ ನಗಲು ಬರಲಿಲ್ಲ.

ಸಾವ್ಕಾರರು ಮುಚ್ಚಳ ಬದಲಿಸಲು ಮಿಷನ್ನಿನ ತಾಡಪಾಲು ಸರಿಸಿದರು. ದುರ್ಗಾ ಎಳೆದ ವಿಭೂತಿಯ ಮೂರು ಪಟ್ಟೆ ಹಾಗೇ ಇದ್ದವು. ಅದರ ಕೆಳಗೆ ಝರಾಕ್ಸ್ ಹಾಳೆ, ಮಳೆ ತಾಗದಿರಲಿ ಎಂದು ಪ್ಲಾಸ್ಟಿಕ್ ಹೊದಿಸಿ ನಾಲ್ಕೂ ಮೂಲೆಗೆ ಟೇಪು ಹಚ್ಚಿದ್ದರು. ಅಷ್ಟು ಜೋಪಾನ. ಸಾವ್ಕಾರರು ಅದನ್ನು ಕೀಳಲು ಕೈ ಚಾಚಿ, ಕೀಳಲಾರದೆ ನಿಂತರು.

ಅಷ್ಟರಲ್ಲಿ ಹಮಾಲನೊಬ್ಬ ಮೊದಲ ಚೀಲವನ್ನು ಬೆನ್ನಿಗೇರಿಸಿ, ಕಣದ ಯಜಮಾನ ಎಣಿಸಲಿ ಎಂದು ಬೊಮ್ಮಪ್ಪನ ಮುಂದೆ ನಿಂತ. ಬೊಮ್ಮಪ್ಪ ರೂಢಿಯಂತೆ ಬಲಗೈಯನ್ನು ಟವಲಿನಿಂದ ಹೊರಗೆ ತೆಗೆದು, ಕಿರುಬೆರಳು ಮಡಿಚಲು ಹೋದ. ಮಡಿಚಲು ಅಲ್ಲಿ ಏನೂ ಇರಲಿಲ್ಲ. ಕೈಯನ್ನು ಹಾಗೇ ಹಿಡಿದುಕೊಂಡು ಸ್ವಲ್ಪ ಹೊತ್ತು ನೋಡಿದ.

"ಒಂದು," ಅಂದ.

ದುರ್ಗಾ ಚಹದ ಲೋಟ ಹಿಡಿದು ನಿಂತಲ್ಲೇ ನಿಂತಳು. ಚೀಲ ಹೊತ್ತ ಹಮಾಲ ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಬಾಯಿ ತಪ್ಪಿ ಅಂದ ಮಾತಲ್ಲ ಅದು ಎಂದು ಎಲ್ಲರಿಗೂ ಗೊತ್ತಾಗಿತ್ತು. ನಾನು ಸಾವ್ಕಾರರ ಮುಖ ನೋಡಿದೆ. ಮೊದಲನೆಯದು ಶುಭ ಇರಬೇಕು ಎಂದು ನನಗೆ ಪಾಠ ಹೇಳಿದ ಮನುಷ್ಯ, ಮೈಯಲ್ಲಿನ ರಕ್ತ ಇಂಗಿದವರಂತೆ ಬಿಳಿಚಿಕೊಂಡು ನಿಂತಿದ್ದರು.

ಬೊಮ್ಮಪ್ಪ ಯಾರ ಕಡೆಯೂ ನೋಡಲಿಲ್ಲ. ಹಮಾಲನಿಗೆ ಮಾತ್ರ, "ನಡಿಯೋ, ಹಾಕು," ಅಂದ. ಚೀಲ ಲಾರಿಗೆ ಬಿತ್ತು. ಎರಡನೇ ಹಮಾಲ ಚೀಲ ಹೊತ್ತು ಬಂದು ನಿಂತ. ಬೊಮ್ಮಪ್ಪನಿಗೆ ಮುಂದಿನದನ್ನು ಎಣಿಸಲು ಆಗಲಿಲ್ಲ, ಆ ಬೆರಳೂ ಇರಲಿಲ್ಲ.

ಸಾವ್ಕಾರರು ನಡೆದು ಹೋಗಿ ಅವನ ಪಕ್ಕ ನಿಂತರು. ತಮ್ಮ ಬಲಗೈ ಎತ್ತಿ, ಕಿರುಬೆರಳು ಮಡಿಚಿ, ಅದರ ಪಕ್ಕದ ಬೆರಳನ್ನೂ ಮಡಿಚಿದರು.

"ಎರಡು," ಅಂದರು. ಚೀಲ ಲಾರಿಗೆ ಹೋಯಿತು, ಹಿಂದಿನವನು ಮುಂದೆ ಬಂದ.